ಬಾಗಿಲಲ್ಲಿ ನಿಂತು ಕೂಗುವ ದೆವ್ವ
ಆದೋನಿಯ ಹತ್ತಿ ದಲ್ಲಾಳಿ ವಾಗೀಶಣ್ಣ ವಾರವೆಲ್ಲ ಹತ್ತಿಯ ಮಾತೇ ಆಡಿದರೂ ಭಾನುವಾರ ಮಧ್ಯಾಹ್ನ ಮಾತ್ರ ರಾಕ್ಷಸರ ಕಡೆಯ ವಕೀಲ. ಅಂಗಡಿಯ ಅಟ್ಟದಲ್ಲಿ ನಮ್ಮನ್ನು ಕೂರಿಸಿಕೊಂಡು, ತಾನೇ ಕಟ್ಟಿದ ಲೋಕವೊಂದರಲ್ಲಿ ದಾಳ ಉರುಳಿಸಿ ಆಡಿಸುತ್ತಾನೆ; ನಾವು ವೀರರು, ಎದುರಾಗುವ ದೆವ್ವಭೂತಗಳೆಲ್ಲ ಅವನೇ. ಇಂಗ್ಲಿಷ್ ಆಟಗಳ ರಕ್ಕಸರು ಬರೀ ಏಟು ತಿನ್ನಲು ಹುಟ್ಟಿದವರೆಂದು ಅವನಿಗೆ ಸಿಟ್ಟು. ಅವನ ಬ್ರಹ್ಮರಾಕ್ಷಸ ಗದೆ ಎತ್ತುವ ಮೊದಲು "ಉಂಡ್ರೇನ್ರಿ?" ಎಂದು ವಿಚಾರಿಸುತ್ತಾನೆ, ಕೊಳ್ಳಿದೆವ್ವ ದಾರಿ ತಪ್ಪಿದವರನ್ನು ಪತ್ತಿಕೊಂಡದ ಬಸ್ಸು ಹತ್ತಿಸಿ ಬರುತ್ತದೆ. ಆದರೆ ಅವನ ಮುದ್ದಿನ ಕುಲವೆಂದರೆ ಮನೆಯವರ ದನಿಯಲ್ಲಿ ಹೆಸರು ಹಿಡಿದು ಬಾಗಿಲಲ್ಲಿ ಕೂಗುವ ದೆವ್ವದ್ದು. ಅದನ್ನು ತಡೆಯಲು ನಮ್ಮ ಕಡೆ ಬಾಗಿಲ ಮೇಲೆ ತೆಲುಗಿನಲ್ಲಿ "ರೇಪು ರಾ", ನಾಳೆ ಬಾ, ಎಂದು ಬರೆಯುತ್ತಾರಲ್ಲ. ಪಾಪ, ಅದು ಓದಿ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. "ಕೊಟ್ಟ ಮಾತು ಇಷ್ಟು ನಂಬೋರು ಮನುಷ್ಯಾರಾಗ ಯಾರದಾರ? ಇದನ್ನ ಹೊಡಿಯಂಗಿಲ್ಲ" ಎಂದು ದಾಳ ಕಸಿದುಕೊಳ್ಳುತ್ತಾನೆ. "ಹೊಡಿಲಿಲ್ಲಂದ್ರ ಆಟ ಮುಂದಕ್ಕ ಹೆಂಗ ಹೋಗತೈತಣ್ಣ?" ಎಂದು ನಮ್ಮ ಜೊತೆ ಆಡುವ ಪಲ್ಲವಿ ಪ್ರತಿ ವಾರ ರೇಗುತ್ತಾಳೆ. "ಬಾಗಲಾ ತಗೀರಿ, ಒಳಗ ಕರೀರಿ" ಎನ್ನುತ್ತಾನೆ ಅವನು. ನಾವ್ಯಾರೂ ತೆಗೆಯುವುದಿಲ್ಲ. ಮೊನ್ನೆ ಮೊದಲ ಸಲ ಅವನ ಮನೆಗೆ ಹೋಗಿದ್ದೆ. ಓಣಿಯ ಬಾಗಿಲುಗಳ ಮೇಲೆಲ್ಲ ಆ ಬರಹವಿತ್ತು. ಅವನ ಬಾಗಿಲಲ್ಲಿ ಮಾತ್ರ ಉಜ್ಜಿ ಉಜ್ಜಿ ಬಣ್ಣವೇ ಎದ್ದುಹೋಗಿತ್ತು. ಹೆಂಡತಿ ಅಮೂಲ್ಯ ತೀರಿಕೊಂಡ ವಾರವೇ ಅಳಿಸಿದನಂತೆ. "ಆಕಿ ಬಂದು ಓದಿದ್ರ," ಎಂದ, "ಖರೇ ಅಂತ ನಂಬಿ ಹೊಳ್ಳಿ ಹೋಗಿಬಿಡ್ತಾಳ."