ಬಿಟ್ಟುಕೊಟ್ಟ ಶುಕ್ರವಾರ

ಮೊದಲು ಚಪ್ಪಲಿ ಬಿಗಿಯಾಯಿತು. ದಿನವಿಡೀ ಹೊಲಿಗೆ ಮಷಿನ್ ತುಳಿಯುವವಳು ನಾನು, ಕಾಲು ಊದಿದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮುಖವೂ ಊದಿದ ಮೇಲೆ ತಂಬ್ರಹಳ್ಳಿಯಿಂದ ಪೇಟೆಯ ಆಸ್ಪತ್ರೆಗೆ ಹೋದೆವು.

ಎರಡೂ ಕಿಡ್ನಿ ಫೇಲ್.

ವಾರಕ್ಕೆರಡು ಡಯಾಲಿಸಿಸ್ ಎಂದರು ಡಾಕ್ಟರ್. ಖಾಲಿ ಇದ್ದದ್ದು ಮಂಗಳವಾರ, ಶನಿವಾರ. ನಮ್ಮದು ಸಬ್ಬತ್ ಪಾಲಿಸುವ ಕ್ರೈಸ್ತರ ಮನೆ. ಶುಕ್ರವಾರ ಹೊತ್ತು ಮುಳುಗಿದರೆ ಮರುದಿನ ಹೊತ್ತು ಮುಳುಗುವವರೆಗೆ ಒಲೆ ಹಚ್ಚುವುದಿಲ್ಲ, ಬೈಕ್ ತೆಗೆಯುವುದಿಲ್ಲ, ದುಡ್ಡು ಮುಟ್ಟುವುದಿಲ್ಲ. ನನ್ನ ಗಂಡ ಸಭೆಯ ಹಿರಿಯರು ಬೇರೆ.

ಮಂಗಳವಾರ ಪಕ್ಕದ ಬೆಡ್ಡಿಗೆ ಬರುತ್ತಿದ್ದ ಮೋಟರ್ ರಿಪೇರಿಯ ರಜಾಕ್ ಸಾಹೇಬರಿಗೆ ಎರಡನೆಯ ಪಾಳಿ ಶುಕ್ರವಾರ ಸಿಕ್ಕಿತ್ತು. ಮಧ್ಯಾಹ್ನದ ನಮಾಜು ತಪ್ಪುತ್ತಿತ್ತು. ಇಬ್ಬರೂ ಪಾಳಿ ಬದಲಾಯಿಸಿಕೊಂಡೆವು: ಶುಕ್ರವಾರ ನನಗೆ, ಶನಿವಾರ ಅವರಿಗೆ. ಇಬ್ಬರ ಮನೆಯಲ್ಲೂ ನೆಮ್ಮದಿ.

ನೆಮ್ಮದಿ ಎಂದರೂ ಬಿಡುಗಡೆಯೇನಲ್ಲ. ನಾಲ್ಕು ತಾಸು ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ, ಮನೆಗೆ ಬಂದರೆ ಅಳೆದಿಟ್ಟ ನೀರಿಗಿಂತ ಒಂದು ಗುಟುಕು ಹೆಚ್ಚು ಕುಡಿಯುವಂತಿಲ್ಲ, ಒಂದು ರಾತ್ರಿ ತವರಿಗೆ ಹೋಗಬೇಕೆಂದರೂ ಡಯಾಲಿಸಿಸ್ ಮಷಿನ್ನಿನ ವಾರ ನೋಡಬೇಕು.

ಹೋದ ಗುರುವಾರ ರಜಾಕರ ಹೆಂಡತಿಯ ಫೋನು. "ಇವ್ರಿಗೆ ದಮ್ಮು ಹತ್ತೈತ್ರಿ ಅಕ್ಕ. ಶನಿವಾರದ ತನಕ ತಡಿಯಂಗಿಲ್ಲ. ನಾಳಿ ನಿಮ್ಮ ಪಾಳಿ ಕೊಡ್ತೀರೇನ್ರಿ?"

ಬೇರೆ ಬೆಡ್ ಖಾಲಿ ಇರಲಿಲ್ಲ. ನೀರು ಕಡಿಮೆ ಮಾಡಿದರೆ ನಾನು ಒಂದು ದಿನ ತಡೆಯಬಹುದೆಂದು ಡಾಕ್ಟರ್ ಹೇಳಿದರು. ಒಪ್ಪಿಕೊಂಡೆ.

ಅವರ ಶನಿವಾರ ನನ್ನ ಕೊರಳಿಗೇ ಬಿತ್ತು.

"ಸಬ್ಬತ್ ದಿನ ನಾ ಗಾಡಿ ತಗಿಯಂಗಿಲ್ಲ. ನಿನಗ ಗೊತ್ತೈತಿ," ಎಂದರು ನನ್ನ ಗಂಡ.

"ಆ ಮನುಷ್ಯಾ ಸತ್ತರ ನಮ್ಮ ಸಬ್ಬತ್ ಏನ್ ಮಾಡಾದೈತ್ರಿ? ನಾ ಬಸ್ಸಿಗೆ ಹೋಗ್ತೀನಿ."

ಮೈಯೆಲ್ಲ ಸಿಟ್ಟು. ಅವರ ಮೇಲೋ, ದೇವರ ಮೇಲೋ, ನನ್ನ ಕಿಡ್ನಿಗಳ ಮೇಲೋ ತಿಳಿಯಲಿಲ್ಲ. ಶುಕ್ರವಾರವೆಲ್ಲ ನಾಲಿಗೆ ಒಣಗಿಸಿಕೊಂಡು ಗೋಡೆಗೆ ಒರಗಿ ಕೂತೆ. ಮಲಗಿದರೆ ಎದೆ ಭಾರ.

ಶನಿವಾರ ಬೆಳಿಗ್ಗೆ ಒಬ್ಬಳೇ ಬಸ್ ಹತ್ತಿದೆ. ಹಿಂದಿನಿಂದ ಇವರೂ ಹತ್ತಿದರು. ಪ್ರಾರ್ಥನೆಗೆಂದು ಹಾಕಿದ ಬಿಳಿ ಅಂಗಿ, ಕಂಕುಳಲ್ಲಿ ಬೈಬಲ್. ಕಂಡಕ್ಟರ್ ನನಗೆ ಹೆಂಗಸರ ಫ್ರೀ ಟಿಕೆಟ್ ಕೊಟ್ಟು, ಇವರ ಮುಂದೆ ಕೈ ಚಾಚಿದ. ಇವರು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ ನೋಟು ತೆಗೆದರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಶನಿವಾರ ಅವರು ದುಡ್ಡು ಮುಟ್ಟಿದ್ದನ್ನು ಕಂಡದ್ದು ಅಂದೇ.

ನಾಲ್ಕು ತಾಸು ಬೆಡ್ಡಿನ ಪಕ್ಕ ಕಣ್ಣು ಮುಚ್ಚಿ ಕೂತಿದ್ದರು.

ರಜಾಕ್ ಸಾಹೇಬರು ಉಳಿದರು. ಶುಕ್ರವಾರ ಮತ್ತೆ ನನ್ನದಾಗಿದೆ, ಎಷ್ಟು ವಾರಕ್ಕೋ ಗೊತ್ತಿಲ್ಲ. ಮೊನ್ನೆ ಬಿಳಿ ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿ ಆ ಶನಿವಾರ ಕಂಡಕ್ಟರ್ ಕೊಟ್ಟ ಚಿಲ್ಲರೆ ಹಾಗೇ ಇತ್ತು. ಅಂಗಿ ಒಗೆದು ಒಣಗಿಸಿ, ಚಿಲ್ಲರೆಯನ್ನು ಮತ್ತೆ ಅದೇ ಜೇಬಿನಲ್ಲಿಟ್ಟೆ.