ರಾಣಿಗೂ ಒಂದು ಡೈಲಾಗು

“ಮಾಮ್, ಐ ಆಮ್ ಎ ಪ್ಲಾಂಟ್!”

ರಿಹರ್ಸಲ್ ಮುಗಿಸಿ ಬಂದ ನನ್ನ ಹದಿಮೂರರ ಮಗಳು ದೀಕ್ಷಾ ಕಾರಿನ ಡೋರನ್ನು ಧಡ್ ಎಂದು ಎಳೆದುಕೊಂಡಳು.

“ಗಿಡ ಅಲ್ಲ ಮಾರಾಯ್ತಿ, ರಾಣಿ” ಎಂದೆ. ಇಲ್ಲಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ನಾಟಕದಲ್ಲಿ ಅವಳು ಲೋಕಮಹಾದೇವಿ. ಚಾಲುಕ್ಯ ಚಕ್ರವರ್ತಿ ವಿಕ್ರಮಾದಿತ್ಯನ ಪಟ್ಟದರಸಿ. ಕೆಲಸವೇನು? ಹನ್ನೆರಡು ನಿಮಿಷ ಆರತಿ ತಟ್ಟೆ ಹಿಡಿದು ನಗುತ್ತಾ ನಿಲ್ಲುವುದು. ಡೈಲಾಗು? ಸೊನ್ನೆ.

ದೀಕ್ಷಾಳನ್ನು ಕನ್ನಡದ ಕಾರ್ಯಕ್ರಮಕ್ಕೆ ಹೊರಡಿಸುವುದೆಂದರೆ ಜನವರಿಯಲ್ಲಿ ಡ್ರೈವ್‌ವೇ ಮೇಲಿನ ಹಿಮ ತೆಗೆದಂತೆ. (ತೆಗೆದಷ್ಟೂ ಬೀಳುತ್ತದೆ.) ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲೇ. ಅಂಥವಳು ಈ ವರ್ಷ ತಾನಾಗಿಯೇ ಹೆಸರು ಕೊಟ್ಟಿದ್ದಳು. ಈಗ “ಐ ಕ್ವಿಟ್” ಎನ್ನುತ್ತಿದ್ದಾಳೆ. ಈಗ ಬಿಟ್ಟರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನ ಶನಿವಾರ ಹೇಗೋ ಪುಸಲಾಯಿಸಿ, ನಾವಿರುವ ವಿಟ್ಬಿಯಿಂದ ಪಕ್ಕದೂರು ರಿಚ್ಮಂಡ್ ಹಿಲ್‌ಗೆ ಕರೆದುಕೊಂಡು ಹೋದೆ. ರಿಹರ್ಸಲ್ ನಡೆಯುವುದು ಅಲ್ಲಿ ಧಾರವಾಡದ ಶಿವಾನಂದಣ್ಣನ ಬೇಸ್‌ಮೆಂಟಿನಲ್ಲಿ. ನಾಟಕ ಬರೆದವರು, ಆಡಿಸುವವರು, ಚಕ್ರವರ್ತಿಯಾಗುವವರು, ಮೂವರೂ ಅವರೇ. ನಾನು ಸೀರೆ ಮತ್ತು ತಿಂಡಿಯ ಇನ್‌ಚಾರ್ಜು.

ಶಿವಾನಂದಣ್ಣ ಮೀಸೆ ತಿರುವಿ ಗರ್ಜಿಸಿದರು. “ಕಂಚಿ ಗೆದ್ದ ನೆನಪಿಗೆ ಪಟ್ಟದಕಲ್ಲಿನಲ್ಲಿ ಮಹಾದೇವಾಲಯ ಕಟ್ಟಿಸುತ್ತೇನೆ!”

ಆಗಲೇ ಅವರ ಹೆಂಡತಿ, ಬಾದಾಮಿ ಕಡೆಯ ಶಾಂತಕ್ಕ, ಚಹಾ ಹಿಡಿದು ಮೆಟ್ಟಿಲಿಳಿದರು. “ನೀವೇನ್ ಕಟ್ಟಸ್ತೀರಿ? ಕಟ್ಟಿಸಿದಾಕಿ ನಿಮ್ಮ ಹಿಂದ ತಾಟ ಹಿಡಕೊಂಡು ನಿಂತಾಳ ನೋಡ್ರಿ! ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತೈತಿ!”

ಎಲ್ಲರೂ ನಕ್ಕರು. ಎಲ್ಲರ ಫೋನುಗಳೂ ಹೊರಬಂದವು. ಶಾಂತಕ್ಕನ ಮಾತು ನಿಜ. ಪಟ್ಟದಕಲ್ಲಿನ ಆ ವಿರೂಪಾಕ್ಷ ದೇವಾಲಯ ಕಟ್ಟಿಸಿದವಳು ಲೋಕಮಹಾದೇವಿ. ಅಷ್ಟೇ ಅಲ್ಲ, ಅವಳ ಮಾವ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಅವಳು ಸ್ಥಿರಪಡಿಸಿದಳು ಎಂದು ಅಲ್ಲಿನ ಶಾಸನ ಹೇಳುತ್ತದೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಕಲ್ಲಿನಲ್ಲಿ, ಅವಳದೇ ಹೆಸರಿನಲ್ಲಿ!

ಗಂಡ ಯುದ್ಧ ಗೆದ್ದ, ಸರಿ. ಗೆದ್ದ ಮೇಲೆ? ಯಾರಿಗೆ ಏನು ಸಲ್ಲಬೇಕು, ಹಿರಿಯರು ಕೊಟ್ಟ ಯಾವ ಮಾತು ಉಳಿಯಬೇಕು ಎಂದು ನೆನಪಿಡುವವರು ಯಾರು? ಅದೂ ರಾಜ್ಯಭಾರವೇ ತಾನೇ? (ಯಾರ ಮಗುವಿಗೆ ಶೇಂಗಾ ಆಗದು, ಕಳೆದ ವರ್ಷ ಹಾಡಲು ಚಾನ್ಸ್ ಸಿಗದೆ ಯಾರು ಮುನಿಸಿಕೊಂಡರು, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಕಲ್ಲಿನಲ್ಲಿ ಕೆತ್ತಿಸುವಷ್ಟು ಅಧಿಕಾರ ಮಾತ್ರ ಇಲ್ಲ.)

“ಸೋ, ಶೀ ವಾಸ್ ದ ಬಾಸ್?” ದೀಕ್ಷಾಳ ಕಣ್ಣು ಅರಳಿತು.

ಶಿವಾನಂದಣ್ಣ ತಲೆ ಕೆರೆದುಕೊಂಡರು. “ಆತ್ ಬಿಡವಾ, ನಿನಗೂ ಒಂದ್ ಡೈಲಾಗ್ ಕೊಡೂಣು.” ಅಲ್ಲೇ ಬರೆದೂ ಕೊಟ್ಟರು: “ಪ್ರಭು, ತಮ್ಮ ಅಪ್ಪಣೆಯಿದ್ದರೆ ಗಾಯಕರ ಹಕ್ಕುಗಳನ್ನು ಸ್ಥಿರಪಡಿಸುತ್ತೇನೆ.” ಅದಕ್ಕೆ ಚಕ್ರವರ್ತಿ ಕೈಯೆತ್ತಿ, “ಅಪ್ಪಣೆಯಿದೆ!” ಎನ್ನಬೇಕು. (ಪಾಪ, ಪೂರ್ತಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.)

ವಾರವಿಡೀ ದೀಕ್ಷಾಳಿಗೆ ಅದೇ ಜಪ. ಒಂದೊಂದು ಪದಕ್ಕೂ ಅರ್ಥ ಕೇಳಿದಳು.

“ವಾಟ್ಸ್ ಅಪ್ಪಣೆ?”

“ಪರ್ಮಿಷನ್.”

“ಹ್ಮ್” ಎಂದಳು, ಅಷ್ಟೇ.

ನಾಟಕದ ದಿನ ಬಂತು. ರಾಣಿ ಎರಡು ಹೆಜ್ಜೆ ಮುಂದೆ ಬಂದಳು. ಕತ್ತೆತ್ತಿ, ಸ್ಪಷ್ಟವಾಗಿ, “ಗಾಯಕರ ಹಕ್ಕುಗಳನ್ನು ಸ್ಥಿರಪಡಿಸುತ್ತೇನೆ!” ಎಂದಳು. ಗಾಯಕರಾಗಿದ್ದ ನಾಲ್ಕು ಮಕ್ಕಳು ಅವಳಿಗೆ ಬಗ್ಗಿ ನಮಸ್ಕರಿಸಿ ಒಳಗೆ ಹೋದರು. ಹಾಲ್ ತುಂಬ ಚಪ್ಪಾಳೆ. ಚಕ್ರವರ್ತಿಗಳು ಮಾತ್ರ ಎತ್ತಿದ ಕೈ ಎತ್ತಿದಂತೆಯೇ, ಬಾಯಿ ತೆರೆದು ನಿಂತಿದ್ದರು. ಯಾರೂ ಅವರನ್ನು ಏನೂ ಕೇಳಿರಲೇ ಇಲ್ಲ!

ಪರದೆ ಬಿದ್ದದ್ದೇ, ಕಿರೀಟ ಕಂಕುಳಲ್ಲಿಟ್ಟುಕೊಂಡು ಶಿವಾನಂದಣ್ಣ ಬಂದರು. ಈಗ ಗದರಿದರೆ ಮುಗಿಯಿತು, ಇವಳು ಇನ್ನು ಈ ಕಡೆ ತಲೆ ಹಾಕುವುದಿಲ್ಲ.

“ಯಾಕವಾ, ನನ್ನ ಅಪ್ಪಣಿ ಕೇಳೂದು ಮರತಿ ಏನ?”

ನನ್ನ ಮಗಳು ಉತ್ತರ ಕೊಟ್ಟಳು. ಕನ್ನಡದಲ್ಲಿ!

“ಮರೀಲಿಲ್ಲ ಅಂಕಲ್. ಕಲ್ಲಲ್ಲಿ ಹಾಗೆ ಬರೆದಿಲ್ವಲ್ಲಾ?”