ಎಲ್ಲವನ್ನೂ ಓದುವ ಕನೆಕ್ಟರ್

ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ದುಡಿದಿದ್ದೇನೆ. ನನ್ನ ಕೆಲಸದಿಂದ ಒಬ್ಬರ ಮೈಯಲ್ಲಿ ರಕ್ತ ಬರಬಹುದೆಂದು ಯಾವತ್ತೂ ಯೋಚಿಸಿರಲಿಲ್ಲ.

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ಆಸರೆ ಕೊಡುವ ಒಂದು ಸಣ್ಣ ಸಂಸ್ಥೆ ಜಯಲಕ್ಷ್ಮಿಪುರಂನಲ್ಲಿತ್ತು. ನಡೆಸುತ್ತಿದ್ದವರು ನಿವೃತ್ತ ಅಧ್ಯಾಪಕಿ. ಎಲ್ಲರಿಗೂ ಅವರು ಮೇಡಂ. ಸಹಾಯವಾಣಿಗೆ ದಿನವಿಡೀ ಮೆಸೇಜುಗಳು. ನನ್ನ ಕೇಸು ಯಾವತ್ತು, ವಕೀಲರು ಯಾರು, ಯಾವ ಕಾಗದ ತರಬೇಕು. ಉತ್ತರಿಸಲು ಇದ್ದವರು ಇಬ್ಬರೇ. ಅದಕ್ಕೆಲ್ಲ ತಾನಾಗಿ ಉತ್ತರಿಸುವ ಎಐ ಏಜೆಂಟನ್ನು ಮಾಡಿಕೊಡುತ್ತೇನೆಂದು ನಾನೇ ಮುಂದಾಗಿ ಹೇಳಿದೆ.

ಏಜೆಂಟಿಗೆ ಮಾತು ಬರುತ್ತದೆ, ಸಂಸ್ಥೆಯ ದಾಖಲೆ ಗೊತ್ತಿರುವುದಿಲ್ಲ. ದಾಖಲೆಗಳಿರುವ ಡೇಟಾಬೇಸಿಗೂ ಅದಕ್ಕೂ ನಡುವೆ ಕೊಂಡಿಯೊಂದು ಬೇಕು, ಅದೇ ಕನೆಕ್ಟರ್. ನನ್ನ ಮುಂದೆ ಎರಡಿದ್ದವು. ಒಂದಕ್ಕೆ ಪಾಸ್‌ವರ್ಡ್ ಕೊಟ್ಟರೆ ಸಾಕು, ಇಡೀ ಡೇಟಾಬೇಸನ್ನು ಓದಿ ಏನು ಕೇಳಿದರೂ ಹೇಳುತ್ತದೆ. ಇನ್ನೊಂದರಲ್ಲಿ ಏಜೆಂಟ್ ಏನೇನು ಕೇಳಬಹುದೆಂದು ಒಂದೊಂದೇ ಪ್ರಶ್ನೆಯನ್ನು ನಾವೇ ಮೊದಲು ಬರೆದಿಡಬೇಕು. ನಾವು ಬರೆಯದ್ದು ಅದರ ಕಣ್ಣಿಗೇ ಬೀಳುವುದಿಲ್ಲ. ಮೊದಲನೆಯದು ಒಂದು ಮಧ್ಯಾಹ್ನದ ಕೆಲಸ. ಎರಡನೆಯದಕ್ಕೆ ಮೂರು ವಾರವಾದರೂ ಬೇಕು.

"ಹೆಣ್ಮಕ್ಕಳು ಎಲ್ಲಿರ್ತಾರೆ ಅನ್ನೋದೂ ಅದರಲ್ಲೇ ಇದೆಯಲ್ಲಮ್ಮ," ಎಂದರು ಮೇಡಂ. "ಅದನ್ನೂ ಓದುತ್ತಾ ಅದು?"

"ಓದುತ್ತೆ. ಆದ್ರೆ ಹೊರಗಿನವರಿಗೆ ವಿಳಾಸ ಹೇಳಬೇಡ ಅಂತ ಬರೆದಿದ್ದೀನಿ ಮೇಡಂ."

"ಹೇಳಬೇಡ ಅಂದ್ರೆ ಕೇಳುತ್ತಾ?"

"ಕೇಳುತ್ತೆ," ಎಂದೆ. ಮೊದಲನೆಯದನ್ನೇ ಹಾಕಿದೆ.

ಎರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಬೆಳಿಗ್ಗೆ, ಆ ಏಜೆಂಟನ್ನು ಬಳಸುವುದು ಹೇಗೆಂದು ತೋರಿಸಲು ಪಕ್ಕದ ಬಡಾವಣೆ ವಿಜಯನಗರಕ್ಕೆ ಹೋಗಿದ್ದೆ. ಅಲ್ಲಿ ಒಂದು ಮನೆಯ ಮಹಡಿಯಲ್ಲಿ ಸಂಸ್ಥೆಯವರ ಹೊಲಿಗೆ ತರಗತಿ. ಎಂಟು ಹೆಂಗಸರು, ಎಂಟು ಮೆಷಿನ್ನು. ಬಾಗಿಲ ಹತ್ತಿರದ ಮೆಷಿನ್ನಿನಲ್ಲಿದ್ದವಳು ಮೂವತ್ತರ ಆಸುಪಾಸಿನ, ನಂಜನಗೂಡಿನ ಕಡೆಯವಳು. ರವಿಕೆಯ ತೋಳು ಕೂರಿಸುತ್ತ, "ಕ್ಯಾಮೆ ಮುಗಿಸ್ಬುಟ್ಟು ಕೇಳ್ತೀನಿ ಕಣಕ್ಕ, ತಪ್ಪು ತಿಳ್ಕಬ್ಯಾಡಿ," ಎಂದು ನಕ್ಕಳು.

ಮೆಟ್ಟಿಲು ಹತ್ತಿ ಬಂದವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕರೆಂಟಿನವನೋ ಏನೋ ಅಂದುಕೊಂಡೆ. ಅವನು ಅಂಗಿಯ ಬೆನ್ನಿನೊಳಗಿಂದ ಮಚ್ಚು ಎಳೆದ. ಅವಳು ತಲೆಯೆತ್ತುವಷ್ಟರಲ್ಲಿ ಬೀಸಿದ. ಅವಳು ಎಡಗೈ ಅಡ್ಡ ಒಡ್ಡಿದಳು. ಮಚ್ಚು ಬೆರಳುಗಳನ್ನು ಸೀಳಿಕೊಂಡು ಹೋಗಿ ಮೆಷಿನ್ನಿನ ಕಬ್ಬಿಣಕ್ಕೆ ಬಡಿಯಿತು. ರವಿಕೆಯ ಮೇಲೆ, ಗೋಡೆಯ ಮೇಲೆ, ನನ್ನ ಕಾಲ ಮೇಲೆ ರಕ್ತ. ಎರಡನೆಯ ಏಟು ಅವಳ ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ನಾನು ಸ್ಟೂಲನ್ನು ಅವನ ಮುಖಕ್ಕೆ ಎಸೆದೆ. ಅವನು ನನ್ನತ್ತ ತಿರುಗಿ ಮಚ್ಚಿನ ಹಿಡಿಯಿಂದ ಕೆನ್ನೆಗೆ ಗುದ್ದಿದ. ನಾನು ಬಿದ್ದೆ.

ಅಷ್ಟರಲ್ಲಿ ಹಿಂದಿದ್ದ ಹೆಂಗಸೊಬ್ಬಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಕುತ್ತಿಗೆಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಬಂತು. ಮಚ್ಚು ಕೈಯಿಂದ ಜಾರಿತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಕಬ್ಬಿಣದ ಗಜಕಡ್ಡಿಯಿಂದ, ಕತ್ತರಿಯ ಹಿಡಿಯಿಂದ, ಕಾಲಿಂದ. ಅವನು ಅಳುತ್ತಿದ್ದ. ಅಳುವವನನ್ನು ನಾನೂ ಪಕ್ಕೆಗೆ ಒದ್ದೆ, ಎಷ್ಟು ಸಲವೋ ಲೆಕ್ಕವಿಲ್ಲ. ಹಿತವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಹೊಡೆತಕ್ಕೆ ಅವನ ಜೇಬಿನಿಂದ ಫೋನು ಹೊರಬಿತ್ತು. ಗಾಜು ಒಡೆದಿದ್ದರೂ ಬೆಳಕಿತ್ತು. ನಮ್ಮ ಸಹಾಯವಾಣಿಯ ಮೆಸೇಜು ತೆರೆದೇ ಇತ್ತು. ಅವನು ಬರೆದಿದ್ದ: "ನಾಳೆ ನನ್ನ ಹೊಲಿಗೆ ಕ್ಲಾಸ್ ಎಲ್ಲಿ, ಮರ್ತೋಯ್ತು." ಕೆಳಗೆ ನನ್ನ ಏಜೆಂಟಿನ ಉತ್ತರ. ಅವಳ ಹೆಸರು ಹಿಡಿದು ನಮಸ್ಕಾರ, ಮನೆಯ ನಂಬರು, ಅಡ್ಡರಸ್ತೆ, ಮಹಡಿ, ಹತ್ತರಿಂದ ಒಂದರವರೆಗೆ.

ಅವನು ಅವಳ ಗಂಡ. ಅವಳು ಮನೆ ಬಿಟ್ಟ ದಿನ ಕಿತ್ತಿಟ್ಟುಕೊಂಡಿದ್ದ ಅವಳ ಫೋನೇ ಅದು. ದಾಖಲೆಯಲ್ಲಿ ಆ ಹಳೆಯ ನಂಬರೂ ಅವಳದೆಂದೇ ಉಳಿದಿತ್ತು. ಏಜೆಂಟಿನ ಪಾಲಿಗೆ ಅವನು ಹೊರಗಿನವನಲ್ಲ, ಅವಳೇ. ನಾನು ಬರೆದ ನಿಯಮವನ್ನು ಅದು ಮೀರಿರಲಿಲ್ಲ.

ಸಹಾಯವಾಣಿಯನ್ನು ಅಲ್ಲಿಂದಲೇ ನಿಲ್ಲಿಸಿದೆ. ಪೊಲೀಸರಿಗೂ ಮೇಡಂಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ, "ನಾನು ಕೇಳಿದ್ದೆ ನಿಮ್ಮನ್ನ," ಎಂದರು. ಅಷ್ಟೇ.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಅವಳ ಎಡಗೈಯ ಎರಡು ಬೆರಳು ಹೋಗಿದ್ದವು. ಮಂಚದ ಪಕ್ಕ ನಿಂತೇ ಎಲ್ಲ ಹೇಳಿದೆ: ಎರಡು ದಾರಿ ಇದ್ದವು, ನಾನು ಸುಲಭದ್ದನ್ನು ಆರಿಸಿಕೊಂಡೆ, ಅದರಿಂದ ಹೀಗಾಯಿತು.

"ಇನ್ನೊಂದ್ ಹಾಕಿದ್ರೆ ಅವ್ನಿಗೆ ಗೊತ್ತಾಯ್ತಿರ್ನಿಲ್ವಾ?" ಎಂದಳು.

"ಇಲ್ಲ."

"ಯಾಕ್ ಹಾಕ್ನಿಲ್ಲ?"

"ಮೂರು ವಾರ ಹಿಡೀತಿತ್ತು."

ಅವಳು ಬಲಗೈಯಿಂದ ಪಕ್ಕದಲ್ಲಿದ್ದ ಸ್ಟೀಲ್ ಲೋಟ ತೆಗೆದು ನನ್ನತ್ತ ಎಸೆದಳು. ಆಗಲೇ ಊದಿಕೊಂಡಿದ್ದ ಕೆನ್ನೆಗೆ ತಗುಲಿತು. "ಓಗಿ ಆಚೆಗೆ," ಎಂದಳು, ದನಿ ಏರಿಸದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅತ್ತರೆ ಅವಳಿಗೆ ಅನ್ಯಾಯ ಮಾಡಿದಂತೆ ಅನ್ನಿಸಿ ಅಳಲಿಲ್ಲ.

ಎರಡನೆಯ ಕನೆಕ್ಟರನ್ನು ಹಾಕಲು ಮೂರಲ್ಲ, ಐದು ವಾರ ಹಿಡಿಯಿತು. ಪ್ರಶ್ನೆಗಳನ್ನು ನಾನೊಬ್ಬಳೇ ಬರೆಯಲಿಲ್ಲ, ಹೆಂಗಸರನ್ನೇ ಕೂರಿಸಿಕೊಂಡೆ. ಈ ಫೋನು ಅವನ ಕೈಯಲ್ಲಿದ್ದರೆ ಇದನ್ನು ಹೇಳಬಹುದೇ ಎಂದು ಒಂದೊಂದಕ್ಕೂ ಕೇಳುತ್ತ ಹೋದೆವು. ಕೊನೆಯ ವಾರ ಒಂದು ದಿನ ಅವಳೂ ಬಂದಳು, ಕೈಗೆ ಪಟ್ಟಿ ಸುತ್ತಿಕೊಂಡು. ನನ್ನ ಪಕ್ಕ ಕೂರಲಿಲ್ಲ. ಪ್ರಶ್ನೆಗಳ ಸಾಲಿನಲ್ಲಿದ್ದ 'ಕೇಸಿನ ದಿನಾಂಕ' ಎಂಬುದನ್ನು ಬೊಟ್ಟು ಮಾಡಿ ತೋರಿಸಿದಳು.

"ಇದ್ನೂ ತಗೀರಿ. ಕೋರ್ಟ್ ತಾವ್ಕೂ ಬತ್ತನೆ ಅವ್ನು."

ಕೇಸಿನ ದಿನ ಗಂಡನಿಗೂ ಗೊತ್ತೇ ಇರುತ್ತದೆಂದು ನಾನು ಹೇಳಲು ಹೊರಟೆ. ಹೇಳಲಿಲ್ಲ. ತೆಗೆದುಬಿಟ್ಟೆ.